ಆರು ಗೀರು

ನಮ್ಮ ಭಾವನ ಕಣ್ಣೆದುರು ಗೀರು ಬಿದ್ದ ಸಾಮಾನು ಇಡುವವರು ಸ್ವಲ್ಪ ಯೋಚಿಸಿ ಇಡಬೇಕು. ಇಟ್ಟ ಮೇಲೆ ಅದು ಅವರದಲ್ಲ, ಗೀರು ಹೋಗುವವರೆಗೆ ಭಾವನದು. ಎದುರುಮನೆಯ ಯಜಮಾನರು ಒಮ್ಮೆ ಏಣಿ ಕೇಳಲು ಬಂದವರು ಕೈಯಲ್ಲಿದ್ದ ಸ್ಟೀಲ್ ಟಾರ್ಚನ್ನು ಸ್ಟೂಲಿನ ಮೇಲಿಟ್ಟು ಮಾತಿಗೆ ನಿಂತರು. ಮಾತು ಮುಗಿಯುವಷ್ಟರಲ್ಲಿ ಟಾರ್ಚು ಭಾವನ ತೊಡೆಯ ಮೇಲಿತ್ತು. ಗೀರಿನ ಜೊತೆಗೆ ಅದನ್ನು ಮಾಡಿದ ಕಂಪನಿಯ ಹೆಸರೂ ಅಳಿಸಿಹೋಗಿತ್ತು. "ಈಗ ನೋಡಿ, ಮುಖ ಕಾಣುತ್ತೆ" ಎಂದು ಭಾವ ವಾಪಸು ಕೊಟ್ಟರು. ಟಾರ್ಚಿನಲ್ಲಿ ಮುಖ ನೋಡಿಕೊಳ್ಳಬೇಕಾದ ಪ್ರಸಂಗ ಎದುರುಮನೆಯವರಿಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಅವರು ಏಣಿ ಹೊತ್ತುಕೊಂಡು ಹೋದರು, ಮತ್ತೆ ವಾಪಸು ಕೊಡಲಿಲ್ಲ.

ಭಾವನ ಕಸುಬೇ ಪಾಲಿಶ್. ಬೀದಿಯ ಕೊನೆಯಲ್ಲಿ ಅವರದೊಂದು ಚಿಕ್ಕ ಅಂಗಡಿ. ಒಳಗೆ ಮೋಟಾರಿಗೆ ಸಿಕ್ಕಿಸಿದ ಬಟ್ಟೆಯ ಚಕ್ರ, ಡಬ್ಬಿಗಳಲ್ಲಿ ಕೆಂಪು, ಹಸಿರು, ಬಿಳಿ ಮೇಣ, ಗೋಡೆಯ ಮೇಲೆ ಬಾಗಿಲ ಹಿಡಿಗಳು, ದೀಪದ ಕಂಬಗಳು, ವಾದ್ಯದವರ ತುತ್ತೂರಿಗಳು. ಬೀದಿಯವರು ಅವರಿಗೆ ಇಟ್ಟ ಹೆಸರು ಫಳಫಳ. ಆ ಹೆಸರನ್ನು ಅವರು ಬಿರುದೆಂದೇ ತಿಳಿದಿದ್ದಾರೆ, ನಾವ್ಯಾರೂ ತಿದ್ದಲು ಹೋಗಿಲ್ಲ.

ನಾನು ಅವರ ಹೆಂಡತಿಯ ತಮ್ಮ, ಮನೆ ಮನೆಗೆ ಹೋಗಿ ನೀರಿನ ಮೀಟರ್ ಓದುವವನು. ಮೀಟರ್ ಓದುವವನಿಗೆ ಉಳಿದದ್ದನ್ನೂ ಓದಲು ಬರುತ್ತದೆಂಬ ನಂಬಿಕೆಯಿಂದ ಭಾವ ಎಲ್ಲ ವ್ಯವಹಾರಕ್ಕೂ ನನ್ನನ್ನು ಮುಂದೆ ಮಾಡುತ್ತಾರೆ. ಹೀಗಾಗಿ ಈ ಬಂದೂಕಿನ ಪ್ರಕರಣದಲ್ಲಿ ನಾನು ಮೊದಲಿನಿಂದ ಕೊನೆಯವರೆಗೂ ಇದ್ದೆ. ಅದರಿಂದ ಯಾರಿಗಾದರೂ ಉಪಕಾರವಾಯಿತೆಂದು ಮಾತ್ರ ಹೇಳಲಾರೆ.

ಪ್ರಕರಣ ಶುರುವಾದದ್ದು ಕಪ್ಪುಗಳಿಂದ. ಆಟದ ಕ್ಲಬ್ಬುಗಳು ಬಹುಮಾನದ ಕಪ್ಪುಗಳನ್ನು ಭಾವನ ಅಂಗಡಿಗೆ ಕಳಿಸುತ್ತವೆ. ಭಾವ ಯಾರ್‍ಯಾರದೋ ಹೆಸರುಗಳನ್ನು ಉಜ್ಜಿ ಉಜ್ಜಿ ಹೊಳೆಯಿಸಿ ಕೊಡುತ್ತಾರೆ. ಒಮ್ಮೆ ಶೂಟಿಂಗ್ ಕ್ಲಬ್ಬಿನ ಕಪ್ಪುಗಳನ್ನು ತಲುಪಿಸಲು ಮಗಳನ್ನು ಕಳಿಸಿದರು. ಅವಳನ್ನು ನಾವು ಪುಟ್ಟಿ ಅನ್ನುತ್ತೇವೆ. ಅಪ್ಪನಿಗಿಂತ ಎತ್ತರ ಬೆಳೆದ ಮೇಲೂ ಆ ಹೆಸರು ಹೋಗಿಲ್ಲ. ಅಲ್ಲಿನ ಕೋಚ್ ಮರ್ಯಾದೆಗೆಂದು "ಒಂದ್ಸಲ ಹೊಡೆದು ನೋಡ್ತೀಯೇನಮ್ಮ?" ಎಂದು ಕೇಳಿದರು. ಪುಟ್ಟಿ ಚಾಪೆಯ ಮೇಲೆ ಬೋರಲು ಮಲಗಿ ಹೊಡೆದಳು. ಕೋಚ್ ಎದ್ದು ಹೋಗಿ ಗುರಿಯ ಕಾಗದ ತಂದು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಪ್ರತಿ ಭಾನುವಾರ ಅವಳು ಕ್ಲಬ್ಬಿಗೆ ಹೋಗತೊಡಗಿದಳು.

ಮೊದಲಿಗೆ ಕ್ಲಬ್ಬಿನ ರೈಫಲನ್ನೇ ಹಂಚಿಕೊಂಡು ಹೊಡೆಯುತ್ತಿದ್ದಳು. ಹೊಸಬರು ಹೆಚ್ಚಾದಾಗ ಕೋಚ್ ಮನೆಗೇ ಬಂದರು. ಎತ್ತರದ ಆಳು, ಮೆಲುದನಿ, ಆದರೆ ಹೇಳಬೇಕಾದದ್ದನ್ನು ಹೇಳಿಯೇ ಏಳುವವರು.

"ಯಜಮಾನ್ರೇ, ತಂಡದ ಆಯ್ಕೆ ಬರ್ತಾ ಇದೆ. ನಿಮ್ಮ ಹುಡುಗಿಗೆ ಕಣ್ಣಿದೆ, ಕೈಯಿದೆ, ಬಂದೂಕೊಂದೇ ಇಲ್ಲ. ಸ್ವಂತದ್ದು ಇರಲೇಬೇಕು. ದೊಡ್ಡದೇನೂ ಬೇಡ, ಸಣ್ಣ ಗುಂಡಿನ ಪಾಯಿಂಟ್ ಟೂ ಟೂ. ಅಗ್ಗದ್ದೇ ಸಾಕು. ಆದ್ರೆ ಇಲ್ದೇ ಇದ್ರೆ ಅವಳನ್ನ ಆಯ್ಕೆಗೆ ನಿಲ್ಲಿಸೋಕೆ ಆಗಲ್ಲ."

ಪುಟ್ಟಿ ಬಾಗಿಲ ಹಿಂದೆ ನಿಂತಿದ್ದಳು. ಏನೂ ಕೇಳಲಿಲ್ಲ. ಅವಳು ಚಿಕ್ಕಂದಿನಿಂದಲೂ ಏನೂ ಕೇಳಿದವಳಲ್ಲ, ಅದಕ್ಕೇ ಭಾವನಿಗೆ ಕೊಡದೆ ಇರಲಾಗುವುದಿಲ್ಲ. ಕೋಚ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಭಾವ ಒಪ್ಪಿಯಾಗಿತ್ತು. ಲೋಟ ಇನ್ನೂ ಕೋಚ್ ಕೈಯಲ್ಲಿರುವಾಗಲೇ ಭಾವ ಅವರ ಹೆಬ್ಬೆರಳ ಉಂಗುರವನ್ನು ದಿಟ್ಟಿಸುತ್ತಿದ್ದರು. ನಾನು ಕಣ್ಸನ್ನೆ ಮಾಡಿ ತಡೆದೆ.

ಮೊದಲು ಲೈಸೆನ್ಸು. ಅಧಿಕಾರಿಯ ಮುಂದೆ ನಾವಿಬ್ಬರೂ ಕೈಕಟ್ಟಿ ಕೂತೆವು.

"ಬಂದೂಕು ಯಾಕೆ ಬೇಕು?"

"ಮಗಳಿಗೆ ಸಾರ್."

"ಮಗಳಿಗೆ ಯಾಕೆ?"

"ಹೊಡೆಯೋಕೆ ಸಾರ್."

"ಯಾರನ್ನ?"

"ಕಾಗದಾನ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರು ಫೈಲು ತಿರುವಿಹಾಕುತ್ತಿರುವಾಗ ಮೇಜಿನ ಮೇಲಿದ್ದ ಹಿತ್ತಾಳೆಯ ಕರೆಗಂಟೆ ಭಾವನ ಕಣ್ಣಿಗೆ ಬಿತ್ತು. ಭಾವ ಕರವಸ್ತ್ರ ತೆಗೆದು ಮೆಲ್ಲಗೆ ಉಜ್ಜಲು ಹಿಡಿದರು. ಉಜ್ಜಿದಾಗಲೆಲ್ಲ ಅದು ಟಿಣ್ಣೆನ್ನುವುದು, ಟಿಣ್ಣೆಂದಾಗಲೆಲ್ಲ ಜವಾನ ಒಳಗೆ ಓಡಿ ಬರುವುದು, "ನಾನು ಕರೀಲಿಲ್ಲ" ಎಂದು ಅಧಿಕಾರಿ ಗದರುವುದು. ಕೊನೆಗೆ ಅಧಿಕಾರಿ ಆ ಕರೆಗಂಟೆಯತ್ತ ನೋಡಿದರು, ಅದರಲ್ಲಿ ತಮ್ಮ ಮೀಸೆ ಕಂಡಿತು. ಇಂಥವನಿಂದ ಸಮಾಜಕ್ಕೆ ಅಪಾಯವಿಲ್ಲವೆಂದು ಅವರಿಗೆ ಅನ್ನಿಸಿರಬೇಕು. ಬೀದಿಯಲ್ಲಿ ವಿಚಾರಿಸಿ ಸಹಿ ಮಾಡುತ್ತೇನೆ ಎಂದರು.

ವಿಚಾರಣೆಗೆ ಬಂದವರು ಎದುರುಮನೆಗೂ ಹೋದರು. "ಆ ಮನೆಗೆ ಬಂದೂಕು ಬರ್ತಿದೆ. ನಿಮಗೂ ಅವರಿಗೂ ಏನಾದ್ರೂ ತಕರಾರು ಇದೆಯಾ?" ಎಂದು ಕೇಳಿದರಂತೆ. ಅಂದು ಸಂಜೆಯೇ ಎದುರುಮನೆಯವರು ಏಣಿ ತಂದು ನಮ್ಮ ಗೋಡೆಗೆ ಒರಗಿಸಿದರು. ಮರೆತಿದ್ದ ಒಂದು ಸ್ಪ್ಯಾನರ್, ಎರಡು ಪಾತ್ರೆ, ಅಕ್ಕನೇ ಮರೆತುಬಿಟ್ಟಿದ್ದ ಒಂದು ಕೊಡೆಯೂ ಅದರ ಜೊತೆಗೆ ಬಂದವು. "ನಮ್ಮ ನಿಮ್ಮಲ್ಲಿ ಏನಿದೆ ಹೇಳಿ" ಎಂದು ಹಲ್ಲು ಕಿರಿದರು.

ಲೈಸೆನ್ಸು ಬಂತು. ಬಂದೂಕಿನ ಅಂಗಡಿಯವನು ಗೋಡೆಯ ತುಂಬ ಬಂದೂಕುಗಳನ್ನು ಸಾಲಾಗಿ ನಿಲ್ಲಿಸಿದ್ದ. ಮೇಲಿನ ಸಾಲು ನಮಗಲ್ಲವೆಂದು ನಮ್ಮ ಚಪ್ಪಲಿ ನೋಡಿಯೇ ತಿಳಿದುಕೊಂಡು ಕೆಳಗಿನ ಸಾಲಿನಿಂದ ಒಂದನ್ನು ಇಳಿಸಿದ. ಮರದ ಹಿಡಿ ಮೇಜಿನ ಕಾಲಿನಷ್ಟು ಸಾದಾ.

"ಮರ ನೋಡ್ಬೇಡಿ ಸಾರ್. ಮರಕ್ಕೆ ದುಡ್ಡು ಕೊಡೋರು ದಡ್ಡರು. ನಳಿಗೆಗೆ ಕೊಡಿ. ಈ ಬೆಲೆಗೆ ಇಂಥ ನಳಿಗೆ ನಿಮಗೆ ಎಲ್ಲೂ ಸಿಗಲ್ಲ."

ಭಾವ ನನ್ನ ಮುಖ ನೋಡಿದರು. ನಾನು ಬಂದೂಕನ್ನು ಎತ್ತಿ ತೂಗಿ "ಹ್ಞೂಂ" ಎಂದೆ. ಆ ಹ್ಞೂಂಕಾರದ ಮೇಲೆ ವ್ಯಾಪಾರ ಕುದುರಿತು.

ಮನೆಯಲ್ಲಿ ಪುಟ್ಟಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ಭುಜಕ್ಕೆ ತಲೆಯಾನಿಸಿ "ಚೆನ್ನಾಗಿದೆ ಅಪ್ಪ" ಎಂದಳು. ಭಾವ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡರು. ನಿಯಮದ ಪ್ರಕಾರ ಗುಂಡುಗಳು ಕ್ಲಬ್ಬಿನಲ್ಲಿ, ಬಂದೂಕು ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಭಾವನ ಜೇಬಿನಲ್ಲಿ. ಆ ನಿಯಮ ಮಾಡಿದವರು ನಮ್ಮ ಭಾವನನ್ನು ಕಂಡಿರಲಿಲ್ಲ.

ಮರುದಿನ ಪುಟ್ಟಿ ಕ್ಲಾಸಿಗೆ ಹೋಗಿದ್ದಾಗ ಭಾವ ನನ್ನನ್ನು ಕರೆಸಿದರು. ಮುಖ ಬಿಳುಪೇರಿತ್ತು. ಗುಂಡು ತುಂಬುವ ಬೋಲ್ಟು ತೆಗೆದಿಟ್ಟ ಬಂದೂಕನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು.

"ಒಳಗೆ ನೋಡು."

ನಾನು ಒಂದು ಕಣ್ಣು ಮುಚ್ಚಿ ನೋಡಿದೆ. ಹೊಳೆಯುವ ಸಣ್ಣ ಸುರಂಗ. ಅದರ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ಸುತ್ತಿಕೊಂಡು ಹೋದ ಗೆರೆಗಳು.

"ಗೀರು" ಎಂದೆ.

"ಒಂದಲ್ಲ, ಆರು! ಎಣಿಸಿದೀನಿ. ಯಾರೋ ಪುಣ್ಯಾತ್ಮ ಒಳಗೆ ಕಂಬಿ ತುರುಕಿ ಗರಗರ ತಿರುಗಿಸಿದಾನೆ. ಹೊಸದು ಅಂತ ನಮ್ಮ ತಲೆಗೆ ಕಟ್ಟಿದ. ನೀನಾದ್ರೂ ನೋಡ್ಬಾರ್ದಾಗಿತ್ತಾ? ಹ್ಞೂಂ ಅಂದೆಯಲ್ಲೋ!"

"ನಾನು ತೂಕಕ್ಕೆ ಹ್ಞೂಂ ಅಂದಿದ್ದು ಭಾವ."

"ಪುಟ್ಟಿಗೆ ಹೇಳ್ಬೇಡ. ಮನಸ್ಸಿಗೆ ಹಚ್ಕೋತಾಳೆ. ಅಪ್ಪ ತಂದ ಮೊದಲನೇ ದೊಡ್ಡ ವಸ್ತು, ಅದೂ ಗೀರುಬಿದ್ದಿದ್ದು ಅಂತ ಗೊತ್ತಾದ್ರೆ..."

ಇಬ್ಬರೂ ಬಂದೂಕಿನ ಅಂಗಡಿಗೆ ಹೋದೆವು. ಭಾವನದು ಜಗಳದ ಬಾಯಲ್ಲ. ಯಾರಿಗೂ ನೇರವಾಗಿ ತಪ್ಪು ತೋರಿಸಿದವರಲ್ಲ, ತಪ್ಪು ಕಂಡರೆ ಸುಮ್ಮನೆ ತಾವೇ ಉಜ್ಜಿಬಿಡುವವರು.

"ಆ ನಳಿಗೆ ಒಳಗೆ... ಇದೆಯಲ್ಲ..." ಎಂದು ತಡವರಿಸಿದರು.

ಅಂಗಡಿಯವನ ಮುಖ ಅರಳಿತು. "ನೋಡಿದ್ರಾ? ಭೇಷ್! ಎಷ್ಟೋ ಜನ ನೋಡೋದೇ ಇಲ್ಲ. ಆರಿದೆ ಸಾರ್, ಆರು! ಈ ಬೆಲೆಗೆ ಆರು ಯಾರು ಕೊಡ್ತಾರೆ?"

ಭಾವ ನನ್ನನ್ನು ನೋಡಿದರು. ನಾನು ಛಾವಣಿ ನೋಡಿದೆ.

"ಎಲ್ಲಾದ್ರಲ್ಲೂ... ಹೀಗೇನಾ?"

"ಎಲ್ಲಾದ್ರಲ್ಲೂ ಇರುತ್ತೆ ಸಾರ್. ಮೇಲಿನ ಸಾಲಿಂದು ತಗೊಂಡ್ರೆ ಇನ್ನೂ ನೀಟಾಗಿರುತ್ತೆ, ಅಂಚು ಚೂಪಾಗಿರುತ್ತೆ. ಆದ್ರೆ ನಿಮ್ಮದಕ್ಕೆ ಏನೂ ಕಮ್ಮಿಯಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ, ಗ್ಯಾರಂಟಿ!"

ಹೊರಗೆ ಬಂದ ಮೇಲೆ ಭಾವ ಅಂಗಡಿಯ ಬೋರ್ಡನ್ನೊಮ್ಮೆ ತಿರುಗಿ ನೋಡಿದರು. "ನೋಡಿದ್ಯಾ ಧೈರ್ಯ? ಹೋಗಲ್ಲ ಅಂತ ಗ್ಯಾರಂಟಿ ಬೇರೆ ಕೊಡ್ತಾನೆ. ದುಡ್ಡು ಜಾಸ್ತಿ ಕೊಟ್ರೆ ಜಾಸ್ತಿ ನೀಟಾಗಿ ಗೀರ್‍ತಾರಂತೆ" ಎಂದರು. ಆಮೇಲೆ ಅಂಗಿಯ ತೋಳು ಮಡಚಿದರು. "ಹೋಗಲ್ವಾ? ನಾನು ನೋಡ್ಕೋತೀನಿ. ಈ ಕೈಯಲ್ಲಿ ಹೋಗದ ಗೀರು ಇನ್ನೂ ಹುಟ್ಟಿಲ್ಲ."

ಶನಿವಾರ ಮಧ್ಯಾಹ್ನಗಳು ಪಾಲಿಶಿಗೆ ಮೀಸಲಾದವು. ಪುಟ್ಟಿ ಅತ್ತ ಹೋದೊಡನೆ ಇತ್ತ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುವುದು, ಬಂದೂಕನ್ನು ಮಲಗಿಸುವುದು, ತೆಳ್ಳನೆಯ ಕೋಲಿನ ತುದಿಗೆ ಮೆತ್ತನೆಯ ಹಳೆಬಟ್ಟೆ ಸುತ್ತಿ, ಎಲ್ಲಕ್ಕಿಂತ ನಯವಾದ ಕೆಂಪು ಮೇಣ ಸವರಿ, ನಳಿಗೆಯೊಳಗೆ ಹಿಂದಕ್ಕೂ ಮುಂದಕ್ಕೂ ಆಡಿಸುವುದು. ನಾನು ಇನ್ನೊಂದು ತುದಿಯಲ್ಲಿ ಟಾರ್ಚು ಹಿಡಿಯಬೇಕು. ಹೆಸರಳಿಸಿದ ಅದೇ ಟಾರ್ಚು. ಎದುರುಮನೆಯವರು ಈಗ ಕೇಳಿದ್ದನ್ನೆಲ್ಲ ಕೊಡುತ್ತಿದ್ದರು. ಉಜ್ಜುವುದು, ನೋಡುವುದು, ನಿಟ್ಟುಸಿರು ಬಿಡುವುದು. ನಳಿಗೆ ಕನ್ನಡಿಯಾಯಿತು. ಆರು ಗೀರುಗಳು ಮೊದಲಿಗಿಂತಲೂ ಚೆನ್ನಾಗಿ ಕಾಣತೊಡಗಿದವು.

ಇತ್ತ ಭಾನುವಾರಗಳಂದು ಕ್ಲಬ್ಬಿನಲ್ಲಿ ಬೇರೆಯೇ ಗೋಳು. ಪುಟ್ಟಿಯ ಮೊದಲ ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ. ಒಂದು ಮೇಲೆ, ಒಂದು ಪಕ್ಕ, ಒಂದು ಎಲ್ಲೋ. ಹೊಡೆಯುತ್ತ ಹೊಡೆಯುತ್ತ ಗುಂಡುಗಳು ಹತ್ತಿರ ಬರುತ್ತಿದ್ದವು, ಕೊನೆಗೆ ಕಪ್ಪು ವೃತ್ತದ ನಡುವೆ ಗುಂಪಾಗಿ ಕೂರುತ್ತಿದ್ದವು. ಅಷ್ಟರಲ್ಲಿ ಅವಳ ಪಾಲಿನ ಗುಂಡು ಮುಗಿದಿರುತ್ತಿತ್ತು. ಮುಂದಿನ ಭಾನುವಾರ ಮತ್ತೆ ಚೆಲ್ಲಾಪಿಲ್ಲಿ.

"ಏನಮ್ಮ ಇದು? ವಾರಕ್ಕೊಂದ್ಸಲ ಈ ಬಂದೂಕು ಎಲ್ಲಾ ಮರೆತುಬಿಡುತ್ತಾ?" ಎಂದು ಕೋಚ್ ತಲೆ ಕೆರೆದುಕೊಂಡರು. ಅಗ್ಗದ ಬಂದೂಕಿಗೆ ಒಂದೊಂದು ಜಾತಿಯ ಗುಂಡು ಒಗ್ಗುತ್ತದೆಂದು ಗುಂಡು ಬದಲಿಸಿದರು. ಸ್ಕ್ರೂ ಬಿಗಿಮಾಡಿದರು, ಸಡಿಲಮಾಡಿದರು. ಚಾಪೆ ಬದಲಿಸಿದರು. ತಪ್ಪನ್ನು ಗಾಳಿಯ ಮೇಲೆ ಹಾಕಿದರು. ಕೊನೆಗೆ ತಿಂಡಿಯ ಮೇಲೆ ಹಾಕಿದರು: ಬೆಳಿಗ್ಗೆ ಹೊಟ್ಟೆ ಬಿರಿಯ ತಿಂದು ಬಂದರೆ ಎದೆಬಡಿತ ಹೆಚ್ಚಿ ಕೈ ಅಲುಗುತ್ತದಂತೆ.

ಇದನ್ನು ಪುಟ್ಟಿಯ ಬಾಯಲ್ಲಿ ಕೇಳಿ ಅಕ್ಕ ಸಿಡಿದೆದ್ದಳು. "ನನ್ನ ಕೈಯಡುಗೆ ತಿಂದು ಈ ಮನೇಲಿ ಯಾರ ಕೈ ಅಲುಗಿದೆ ಕೇಳು ಅವರನ್ನ! ನಿಮ್ಮಪ್ಪ ಇಪ್ಪತ್ತು ವರ್ಷದಿಂದ ತಿಂತಾರೆ, ಬಡಿತಾನೇ ಇಲ್ಲ, ಬಂಡೆ ಥರ ಕೂತಿರ್‍ತಾರೆ."

ಬಂಡೆಯಂತೆ ಕೂತಿದ್ದ ಭಾವನ ಕೈಯಲ್ಲಿ ತೂತುಬಿದ್ದ ಕಾಗದವಿತ್ತು. ಒಂದೊಂದು ತೂತನ್ನೂ ಬೆರಳಿನಿಂದ ಮುಟ್ಟುತ್ತಿದ್ದರು. ನನಗೆ ಮಾತ್ರ ಕೇಳುವಂತೆ "ಗೀರು ಕಣೋ. ಎಲ್ಲಾ ಆ ಗೀರಿನ ಕೆಲಸ" ಎಂದರು. ಆ ಶನಿವಾರ ಎರಡರಷ್ಟು ಹೊತ್ತು ಉಜ್ಜಿದರು. ಆ ಭಾನುವಾರ ಗುಂಡುಗಳು ಎರಡರಷ್ಟು ಚೆದುರಿದವು. ಹೀಗೆ ರೋಗಕ್ಕೆ ಮದ್ದು, ಮದ್ದಿಗೆ ರೋಗ ಎಂದು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದುದನ್ನು ನಾನು ಟಾರ್ಚು ಹಿಡಿದು ನೋಡುತ್ತಿದ್ದೆ. ಟಾರ್ಚಿನ ಬೆಳಕು ನನ್ನ ತಲೆಯೊಳಗೆ ಹೋಗಲಿಲ್ಲ, ಏನು ಮಾಡಲಿ.

ಒಂದು ಭಾನುವಾರ ಭಾವ ತಾವೂ ಕ್ಲಬ್ಬಿಗೆ ಬಂದರು. ಕೋಚ್ ತಮ್ಮ ರೈಫಲನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಮೇಲಿನ ಸಾಲಿಗೂ ಮೇಲಿನದು. ಕೋಚ್ ಆಚೆ ಹೋದದ್ದೇ ತಡ ಭಾವ ಬಗ್ಗಿ ನಳಿಗೆಯೊಳಗೆ ಕಣ್ಣಿಟ್ಟರು. ತಲೆಯೆತ್ತಿದಾಗ ಅವರ ಕಣ್ಣಲ್ಲಿ ನೀರಿತ್ತು.

"ಇವರಿಗೂ ಮೋಸ ಆಗಿದೆ ಕಣೋ."

"ಇವರಿಗೂನಾ?"

"ಆರಕ್ಕಿಂತ ಜಾಸ್ತಿನೇ ಇದೆ. ಎಷ್ಟು ದುಡ್ಡು ಸುರಿದ್ರೋ ಪಾಪ. ಇಷ್ಟು ವರ್ಷ ಅದರಲ್ಲೇ ಹೊಡ್ಕೊಂಡು ಬಂದಿದಾರೆ. ಒಳಗೆ ನೋಡೇ ಇಲ್ಲವೋ, ನೋಡಿಯೂ ಮಾನಕ್ಕೆ ಅಂಜಿ ಸುಮ್ಮನಿದಾರೋ!"

ಅಂದಿನಿಂದ ಭಾವ ಕೋಚನ್ನು ಬಹಳ ಅಕ್ಕರೆಯಿಂದ ಮಾತಾಡಿಸತೊಡಗಿದರು. ಕಂಡಾಗಲೆಲ್ಲ ಅವರ ಕೈ ಹಿಡಿದು "ಮನಸ್ಸಿಗೆ ಹಚ್ಕೋಬೇಡಿ ಸಾರ್" ಎನ್ನುವರು. ತಮ್ಮ ಮನಸ್ಸಿಗೆ ಏನಾಗಿದೆಯೆಂದು ಕೋಚಿಗೆ ಅರ್ಥವಾಗದೆ ಮನೆಯಲ್ಲಿ ಹೆಂಡತಿಯನ್ನು ವಿಚಾರಿಸಿದರಂತೆ.

ಆಯ್ಕೆಗೆ ಒಂದು ವಾರವಿದ್ದಾಗ ಕೋಚ್ ಪುಟ್ಟಿಯನ್ನು ಕೂರಿಸಿಕೊಂಡು ಹೇಳಿದರು. ನಾನೂ ಭಾವನೂ ಹಿಂದೆ ನಿಂತಿದ್ದೆವು.

"ನೋಡಮ್ಮ, ನಿನ್ನಲ್ಲಿ ತಪ್ಪಿಲ್ಲ. ಬಂದೂಕೇ ಸರಿಯಿಲ್ಲ ಅನ್ಸುತ್ತೆ. ಆಯ್ಕೆಯ ದಿನ ಹೀಗೇ ಆದ್ರೆ ನಾನು ನಿನ್ನ ಪರವಾಗಿ ಮಾತಾಡೋಕೆ ಆಗಲ್ಲ. ಇದನ್ನ ವಾಪಸ್ ಮಾಡು. ಮುಂದಿನ ವರ್ಷ ನೋಡೋಣ."

ಪುಟ್ಟಿ ಬಂದೂಕಿನ ಸಾದಾ ಮರದ ಮೇಲೆ ಅಂಗೈ ಇಟ್ಟಳು.

"ಇದರಲ್ಲೇ ಹೊಡೀತೀನಿ ಸಾರ್. ಅಪ್ಪ ತಂದಿದ್ದು."

ಭಾವ ಅಲ್ಲಿಂದ ಸರಸರ ಹೊರಗೆ ನಡೆದುಬಿಟ್ಟರು. ನಾನು ಹಿಂದೆಯೇ ಹೋದೆ. ಗೇಟಿನ ಬಳಿ ನಿಂತು ಗೇಟಿನ ಕಬ್ಬಿಣದ ಹಿಡಿಯನ್ನು ಅಂಗಿಯ ಚುಂಗಿನಿಂದ ಉಜ್ಜುತ್ತಿದ್ದರು.

ಆಯ್ಕೆಯ ದಿನ ಬೆಳಗಾಗುತ್ತಲೇ ಭಾವ ಕೊನೆಯ ಸಲ ಉಜ್ಜಿದರು. ಅಂಥ ಪಾಲಿಶನ್ನು ಅವರು ಯಾವ ಕಪ್ಪಿಗೂ ಮಾಡಿರಲಿಲ್ಲ. ಬಟ್ಟೆಯ ಮೇಲೆ ಬಟ್ಟೆ, ಮೇಣದ ಮೇಲೆ ಮೇಣ, ಆಮೇಲೆ ಒಣಬಟ್ಟೆ. ಕಿಟಕಿಗೆ ಹಿಡಿದರೆ ಕಣ್ಣು ಕೋರೈಸುತ್ತಿತ್ತು. ಗೀರುಗಳು ಇದ್ದಲ್ಲೇ ಇದ್ದವು. "ನನ್ನ ಕೈಲಾದ್ದು ಇಷ್ಟೇ" ಎಂದು ಭಾವ ಬಟ್ಟೆ ಮಡಿಸಿದರು.

ಕ್ಲಬ್ಬಿಗೆ ಅಕ್ಕ ಬಂದಳು, ಪುಟ್ಟಿಗೆ ಬೇಕೆಂದೇ ಹೊಟ್ಟೆ ತುಂಬ ತಿನ್ನಿಸಿ. ಎದುರುಮನೆಯವರೂ ಬಂದರು, ಈಗ ಅವರು ನಮ್ಮ ಪಕ್ಷ. ಹಗ್ಗದ ಈಚೆ ಬೆಂಚುಗಳ ಮೇಲೆ ನಾವು. ಆಚೆ ಚಾಪೆಗಳ ಸಾಲು, ದೂರದಲ್ಲಿ ಗುರಿಯ ಕಾಗದಗಳು, ಬಿಗಿದ ಮೌನ. ಲೆಕ್ಕದ ಗುಂಡುಗಳಿಗೆ ಮುಂಚೆ ಅಭ್ಯಾಸಕ್ಕೆಂದು ಸ್ವಲ್ಪ ಹೊತ್ತು ಕೊಡುತ್ತಾರೆ. ಆ ಹೊತ್ತಿನಲ್ಲಿ ಬೇಕಾದಷ್ಟು ಹೊಡೆಯಬಹುದು.

ಪುಟ್ಟಿ ಮೊದಲನೆಯದನ್ನು ಹೊಡೆದಳು. ಕಪ್ಪು ವೃತ್ತದ ಹೊರಗೆ. ಎರಡನೆಯದು ಇನ್ನೊಂದು ಕಡೆ. ಮೂರನೆಯದು ಕಾಗದದ ಮೂಲೆಗೆ. ಅವಳು ಬಂದೂಕು ಇಳಿಸಿ ಹಣೆಯನ್ನು ಮೊಣಕೈ ಮೇಲೆ ಇಟ್ಟಳು. ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಕೋಚ್ ದಾಪುಗಾಲಿಟ್ಟು ಹೋಗಿ ಬೋಲ್ಟು ಎಳೆದು ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದರು. ತಲೆ ಹಿಂದಕ್ಕೆಳೆದುಕೊಂಡರು. ಮತ್ತೆ ನೋಡಿದರು. ಬೆರಳಿನಿಂದ ಅದರ ಬುಡವನ್ನು ಸವರಿ ಮೂಗಿಗೆ ಹಿಡಿದರು. ಬೆರಳ ತುದಿ ಕೆಂಪಾಗಿತ್ತು. ಆಮೇಲೆ ನಮ್ಮ ಕಡೆ ತಿರುಗಿದರು.

"ಇದನ್ನ ಯಾರು ಉಜ್ಜಿದ್ದು?"

ಭಾವ ಎದ್ದು ನಿಂತರು. ಹಗ್ಗದವರೆಗೆ ಹೋಗಿ ಕೈಮುಗಿದರು.

"ನಾನೇ ಸಾರ್. ಕ್ಷಮಿಸಿ, ಹೋಗಲಿಲ್ಲ. ಎಷ್ಟು ಉಜ್ಜಿದ್ರೂ ಒಂದೂ ಹೋಗಲಿಲ್ಲ."

"ಏನು ಹೋಗಲಿಲ್ಲ?"

"ಗೀರುಗಳು ಸಾರ್. ಒಳಗಡೆ ಆರಿದೆ. ಅವಳಿಗೆ ಗೊತ್ತಿಲ್ಲ. ತರುವಾಗ ನಾನು ನೋಡ್ಬೇಕಿತ್ತು, ನೋಡಲಿಲ್ಲ. ವಾರ ವಾರ ಉಜ್ಜಿದೆ..." ಧ್ವನಿ ಇನ್ನಷ್ಟು ಇಳಿಯಿತು. "ನಿಮ್ಮದರಲ್ಲೂ ಇದೆ ಸಾರ್. ನಿಮಗೆ ಹೇಳೋಕೆ ನನಗೆ ಮನಸ್ಸು ಬರಲಿಲ್ಲ."

ಕೋಚ್ ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತರು. ಅವರ ಮುಖದ ಮೇಲೆ ಹಾದುಹೋದದ್ದನ್ನೆಲ್ಲ ವರ್ಣಿಸಲು ಹೋದರೆ ಈ ಕಥೆ ಮುಗಿಯುವುದಿಲ್ಲ. ಕೊನೆಗೆ ಉಳಿದದ್ದು ನಗುವೂ ಅಲ್ಲ, ಸಿಟ್ಟೂ ಅಲ್ಲ. "ಅದಕ್ಕಾ 'ಮನಸ್ಸಿಗೆ ಹಚ್ಕೋಬೇಡಿ' ಅಂತಿದ್ರಿ ನನಗೆ?" ಎಂದರು.

"ಹೌದು ಸಾರ್."

"ಯಜಮಾನ್ರೇ, ಅವು ಗೀರಲ್ಲ. ಕಾರ್ಖಾನೆಯಲ್ಲೇ ಬೇಕು ಅಂತ ಕೊರೆಯೋ ಗೆರೆ. ಅವು ಇದ್ರೇನೇ ಗುಂಡು ನೆಟ್ಟಗೆ ಹೋಗೋದು. ಅವು ಇರೋದಕ್ಕೇ ನೀವು ದುಡ್ಡು ಕೊಟ್ಟಿರೋದು!"

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಎದುರುಮನೆಯವರು ಹಿಂದೆ ತಿರುಗಿ ದುರುಗುಟ್ಟಿ ನೋಡಿದರು. ಭಾವನ ಕೈಗಳು ಮುಗಿದದ್ದು ಮುಗಿದಂತೆಯೇ ಇದ್ದವು. ಬಣ್ಣ ಮಾತ್ರ ಮುಖದಿಂದ ಇಳಿದುಹೋಯಿತು.

"ಹಾಗಾದ್ರೆ... ನಾನು ಹಾಳು ಮಾಡಿಬಿಟ್ನಾ?"

ಅಷ್ಟು ಹೊತ್ತು ಚಾಪೆಯ ಮೇಲಿದ್ದ ಪುಟ್ಟಿ ಎದ್ದು ಕೂತಿದ್ದಳು. ಅವಳು ನಗಲಿಲ್ಲ. "ಸಾರ್, ಹೇಳಿ ಬೇಗ. ಹಾಳಾಗಿದೆಯಾ?" ಎಂದಳು.

ಕೋಚ್ ಇನ್ನೊಮ್ಮೆ ಕಣ್ಣಿಟ್ಟರು. "ಇಲ್ಲ. ಆರೂ ಚೆನ್ನಾಗಿವೆ. ಮೆತ್ತನೆ ಬಟ್ಟೆ, ನಯವಾದ ಮೇಣ. ಬದುಕಿಕೊಂಡಿದೆ. ಆದ್ರೆ ಇಷ್ಟು ಚೊಕ್ಕ ಇದ್ರೆ ಇದಕ್ಕೆ ಆಗಲ್ಲಮ್ಮ. ಈ ಸಣ್ಣ ಗುಂಡಿನ ಮೇಲಿನ ಮೇಣ, ಮಸಿ ಒಂದಿಷ್ಟು ಒಳಗೆ ಹತ್ತಿ ಕೂತ ಮೇಲೇ ನಳಿಗೆ ಒಂದು ಹದಕ್ಕೆ ಬರೋದು. ವಾರ ವಾರ ನೀನು ಹದಕ್ಕೆ ತರ್‍ತಿದ್ದೆ, ನಿಮ್ಮಪ್ಪ ಒರೆಸಿ ಹಾಕ್ತಿದ್ರು." ಅವರು ಗಡಿಯಾರ ನೋಡಿದರು. "ಇನ್ನೂ ಅಭ್ಯಾಸದ ಹೊತ್ತಿದೆ. ಗುಂಡು ಎಲ್ಲಿ ಬೀಳುತ್ತೆ ನೋಡ್ಬೇಡ. ಹೊಡೀತಾ ಹೋಗು. ನಳಿಗೆ ಕೊಳೆ ಆಗ್ಬೇಕು, ಅಷ್ಟೇ."

ಪುಟ್ಟಿ ಮಲಗಿದಳು. ಹೊಡೆದಳು. ಬೋಲ್ಟು ಎಳೆದಳು, ಹೊಡೆದಳು. ಗುಂಡುಗಳು ಕಾಗದದ ಮೇಲೆ ಅಲೆದಾಡುತ್ತಿದ್ದವು. ಹೊತ್ತು ಕರಗುತ್ತಿತ್ತು. ಭಾವ ಹಗ್ಗವನ್ನು ಹಿಡಿದು ನಿಂತಿದ್ದರು. ಅವರ ತುಟಿ ಅಲುಗುತ್ತಿತ್ತು. ಇದ್ದಕ್ಕಿದ್ದಂತೆ ಆ ಗಂಭೀರ ಮೌನದ ನಡುವೆ, ತೀರ್ಪುಗಾರರ ಕಿವಿಯ ಪಕ್ಕದಲ್ಲಿ, ಜೀವಮಾನವಿಡೀ ಒಂದು ಕಲೆಯನ್ನೂ ಸಹಿಸದ ನಮ್ಮ ಭಾವ ಕೂಗಿದರು:

"ಕೊಳೆ ಮಾಡು ಪುಟ್ಟಿ! ಚೆನ್ನಾಗಿ ಕೊಳೆ ಮಾಡು!"

ತೀರ್ಪುಗಾರರು ಹೌಹಾರಿದರು. ಅಕ್ಕ ಎದ್ದು ಬಂದು ಅವರ ಅಂಗಿ ಜಗ್ಗಿದಳು. "ರೀ, ಕೂತ್ಕೊಳ್ರೀ!" ಭಾವ ಕೂರಲಿಲ್ಲ, ಆದರೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಪುಟ್ಟಿಯ ಭುಜ ಒಂದು ಕ್ಷಣ ಕುಲುಕಿತು. ನಕ್ಕಳೆಂದು ನನಗೆ ಗೊತ್ತಾಯಿತು. ಆ ನಗುವಿನ ನಂತರದ ಗುಂಡು ಕಪ್ಪು ವೃತ್ತದ ಅಂಚಿಗೆ ಬಿತ್ತು. ಅದರ ಮುಂದಿನದು ಒಳಗೆ. ಅದರ ಮುಂದಿನದು ಅದರ ಮಗ್ಗುಲಿಗೇ. ಸೀಟಿ ಊದಿದರು. ಲೆಕ್ಕದ ಗುಂಡುಗಳು ಶುರುವಾದವು.

ಅವಳು ಮೊದಲನೆಯವಳಾಗಿ ಬರಲಿಲ್ಲ. ನಾಲ್ವರನ್ನು ಆರಿಸಿದರು, ಪುಟ್ಟಿ ನಾಲ್ಕನೆಯವಳು. ಹೆಸರು ಓದಿದಾಗ ಎದುರುಮನೆಯವರು ಮಾಡಿದ ಗದ್ದಲ ನೋಡಿದವರು ಮಗಳು ಅವರದೆಂದೇ ತಿಳಿದಿರಬೇಕು. ಭಾವ ಮಾತ್ರ ಮೆಟ್ಟಿಲಿನ ಮೇಲೆ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ಪುಟ್ಟಿ ಬಂದು ಪಕ್ಕದಲ್ಲಿ ಕೂತಳು.

"ಬುಗುರಿ ಗೊತ್ತಲ್ಲ ಅಪ್ಪ? ತಿರುಗ್ತಿದ್ರೆ ನೆಟ್ಟಗೆ ನಿಲ್ಲುತ್ತೆ, ತಿರುಗದೇ ಇದ್ರೆ ಬಿದ್ದುಹೋಗುತ್ತೆ. ಆ ಗೆರೆಗಳು ಗುಂಡನ್ನ ತಿರುಗಿಸಿ ಕಳಿಸ್ತವೆ. ಅಷ್ಟೇ."

"ನಾನು ಪೂರ್ತಿ ಅಳಿಸಿಬಿಟ್ಟಿದ್ರೆ?"

"ಅಳಿಸಲಿಲ್ವಲ್ಲ."

"ನಿನಗೆ ಗೊತ್ತೇ ಆಗಲಿಲ್ವಾ? ಮೇಣದ ವಾಸನೆ ಬರ್‍ತಿತ್ತಲ್ಲ?"

"ನಮ್ಮನೇಲಿ ಎಲ್ಲಕ್ಕೂ ಅದೇ ವಾಸನೆ ಅಪ್ಪ. ನನ್ನ ಪುಸ್ತಕಕ್ಕೂ, ದಿಂಬಿಗೂ." ಅವಳು ಅವರ ತೋಳಿಗೆ ತೋಳು ಸೇರಿಸಿದಳು. "ಆ ವಾಸನೆ ಬಂದ್ರೆ ನನ್ನ ಕೈ ಅಲುಗಲ್ಲ."

ಆಮೇಲೆ ಬೀರುವಿನ ಬೀಗದ ಕೈಯನ್ನು ಭಾವ ತಾವಾಗಿಯೇ ಅಕ್ಕನಿಗೆ ಒಪ್ಪಿಸಿದರು. ಶನಿವಾರ ಮಧ್ಯಾಹ್ನಗಳು ಅವರಿಗೆ ಬಹಳ ಕಷ್ಟದವಾದವು. ಬೀರುವಿನ ಸುತ್ತ ಸುಳಿದಾಡಿ, ಮನಸ್ಸು ತಡೆಯದೆ ಬೀರುವಿನ ಹಿಡಿಯನ್ನೇ ಉಜ್ಜಿ, ಎದುರುಮನೆಗೆ ಹೋಗಿ ಅವರ ನಲ್ಲಿಗಳನ್ನೆಲ್ಲ ಹೊಳೆಯಿಸಿದರು. ಬಂದೂಕಿನ ಅಂಗಡಿಯವನ ಹತ್ತಿರವೂ ಒಮ್ಮೆ ಹೋಗಿ "ನೀವು ಹೇಳಿದ್ದು ನಿಜ, ಹೋಗಲ್ಲ" ಎಂದು ಹೇಳಿ ಬಂದರು. ಅವನು ಯಾಕೆಂದು ತಿಳಿಯದೆಯೇ ಸಂತೋಷಪಟ್ಟನು.

ಪಂದ್ಯಗಳ ಕಾಲವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಪುಟ್ಟಿ ತಾನೇ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಳು. ಬಂದೂಕು ತಂದು ಮಲಗಿಸಿ, ಬೋಲ್ಟು ತೆಗೆದಿಟ್ಟು, ಕೋಲನ್ನು ಅಪ್ಪನ ಮುಂದೆ ಚಾಚಿದಳು.

"ಕೋಚ್ ಹೇಳಿದ್ರು, ಈಗ ಒಂದ್ಸಲ ಉಜ್ಜಬಹುದಂತೆ. ಮೇಣ ಬೇಡ, ಬರೀ ಬಟ್ಟೆ. ನೀನೇ ಉಜ್ಜಬೇಕಂತೆ."

ಕೊನೆಯ ಮಾತನ್ನು ಕೋಚ್ ಹೇಳಿರಲಿಲ್ಲ. ನನಗದು ಗೊತ್ತಿತ್ತು, ಭಾವನಿಗೂ ಗೊತ್ತಿದ್ದಿರಬೇಕು. ಅವರು ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಕೋಲಿಗೆ ಬಟ್ಟೆ ಸುತ್ತಿ ಮೆಲ್ಲಗೆ, ಒಂದೇ ದಿಕ್ಕಿಗೆ ಎಳೆದರು. ಮಸಿ ಬಂತು. ಇನ್ನೊಂದು ಬಟ್ಟೆ, ಇನ್ನಷ್ಟು ಮೆಲ್ಲಗೆ. ನಾನು ರೂ‍ಢಿಯಂತೆ ಟಾರ್ಚು ಹಿಡಿದೆ. ಭಾವ ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ಬಹಳ ಹೊತ್ತು ನೋಡಿದರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು.

ಆಮೇಲೆ ತಲೆಯೆತ್ತಿ ಮಗಳನ್ನು ನೋಡಿದರು.

"ಆರೂ ಇವೆ" ಎಂದರು. "ಒಂದೂ ಹೋಗಿಲ್ಲ."